ನಾನ್ಸಿಯಲ್ಲಿ ಕಂಡ ಗಾಜಿನ ಕಾಡು

ಮಗಳು ಅರಣ್ಯಶಾಸ್ತ್ರದ ಹೆಚ್ಚಿನ ಓದಿಗೆ ಫ್ರಾನ್ಸಿಗೆ ಹೋಗುತ್ತೇನೆ ಎಂದಾಗ ನಾನು ಕೇಳಿದ್ದು ಒಂದೇ ಮಾತು: 'ಕಾಡು ನೋಡೋಕೆ ಅಷ್ಟು ದೂರ ಯಾಕಮ್ಮ ಹೋಗ್ಬೇಕು? ಆಗುಂಬೆಯಲ್ಲಿ ಇಲ್ಲದ ಕಾಡು ಅಲ್ಲೇನಿದೆ?' ಅವಳು ನಕ್ಕು ಸುಮ್ಮನಾದಳು. ಎಂಜಿನಿಯರಿಂಗ್ ಸೀಟು ಕೈಯಲ್ಲಿದ್ದರೂ ಅದನ್ನು ಬಿಟ್ಟು ಶಿರಸಿಯ ಅರಣ್ಯ ಕಾಲೇಜು ಸೇರಿದ ದಿನದಿಂದ ಈ ವಿಷಯದಲ್ಲಿ ನಮ್ಮಿಬ್ಬರ ನಡುವೆ ಒಂದು ಮುಸುಕಿನ ಗುದ್ದಾಟ ನಡೆದೇ ಇತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟ ನನಗೆ, ಎಲೆ ಎಣಿಸುವ ಓದಿನಿಂದ ಹೊಟ್ಟೆ ತುಂಬುವ ಲೆಕ್ಕ ಹೇಗೆ ಮಾಡಿದರೂ ತಾಳೆಯಾಗಿರಲಿಲ್ಲ.

ಅವಳು ಸೇರಿದ್ದು ನಾನ್ಸಿ ಎಂಬ ಊರಿನಲ್ಲಿ. ಮರುವರ್ಷ, ಅಂದರೆ 2023ರ ಅಕ್ಟೋಬರಿನಲ್ಲಿ, ನಾನೂ ಅವಳನ್ನು ನೋಡಿ ಬರಲು ಹೊರಟೆ. ಮಂಡಿನೋವಿನ ಕಾರಣ ನನ್ನ ಹೆಂಡತಿ ಬರಲಿಲ್ಲ. ಬದಲಿಗೆ ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳಗಳ ಜೊತೆಗೆ ಇನ್ನೂರು ಯೂರೋ ಇದ್ದ ಒಂದು ಲಕೋಟೆ ಕೊಟ್ಟಳು. 'ಇದರಲ್ಲಿ ಅವಳಿಗೊಂದು ಒಳ್ಳೆ ಬೆಚ್ಚನೆ ಕೋಟು ಕೊಡಿಸಿ. ಬೇರೆ ಯಾವುದಕ್ಕೂ ಮುಟ್ಟಬೇಡಿ' ಎಂದು ಎರಡು ಸಲ ಹೇಳಿದಳು. ಎರಡನೆಯ ಸಲ ಹೇಳಿದ್ದು ಸುಮ್ಮನೆ ಅಲ್ಲ ಎಂಬುದು ಮುಂದೆ ನಿಮಗೇ ಗೊತ್ತಾಗುತ್ತದೆ.

ಪ್ಯಾರಿಸ್ಸಿನ ಪೂರ್ವ ನಿಲ್ದಾಣದಿಂದ ಅತಿವೇಗದ ರೈಲು ಹತ್ತಿದರೆ ನಾನ್ಸಿಗೆ ಒಂದೂವರೆ ಗಂಟೆ. ಕಿಟಕಿಯಾಚೆ ಬಯಲು, ಹೊಲ, ನಡುನಡುವೆ ಚರ್ಚಿನ ಗೋಪುರ, ಇದ್ದಕ್ಕಿದ್ದಂತೆ ಊರು. ಇದು ಲಾರೇನ್ ಪ್ರಾಂತ್ಯದ ಹಳೆಯ ರಾಜಧಾನಿ. ಪ್ರವಾಸಿಗರೆಲ್ಲ ಮೊದಲು ಓಡುವುದು ಸ್ತಾನಿಸ್ಲಾಸ್ ಚೌಕಕ್ಕೆ. ಪೋಲೆಂಡಿನ ಸಿಂಹಾಸನ ಕಳೆದುಕೊಂಡು, ಅಳಿಯನಾದ ಹದಿನೈದನೆಯ ಲೂಯಿ ದೊರೆಯ ಕೃಪೆಯಿಂದ ಲಾರೇನಿನ ಡ್ಯೂಕ್ ಆದ ಸ್ತಾನಿಸ್ಲಾಸ್ ಲೆಶ್ಚಿನ್ಸ್ಕಿ 1750ರ ದಶಕದಲ್ಲಿ ಕಟ್ಟಿಸಿದ ಚೌಕ. ಮೂಲೆಗಳಲ್ಲಿ ಚಿನ್ನದ ಲೇಪದ ಕಬ್ಬಿಣದ ಜಾಲರಿ ಬಾಗಿಲುಗಳು. 1983ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಚೆಂದವಾಗಿದೆ, ಇಲ್ಲವೆನ್ನಲಾರೆ. ಆದರೆ ಅರಮನೆ ಚೌಕಗಳನ್ನು ನೋಡಿ ನೋಡಿ ಬೇಸತ್ತವರಿಗೆ ಹೇಳುತ್ತೇನೆ: ನಾನ್ಸಿಯ ಜೀವ ಇರುವುದು ಅಲ್ಲಲ್ಲ. ಅದು ಗಾಜಿನಲ್ಲಿದೆ, ಗಾಜಿನ ಹಿಂದೆ ಇರುವ ಕಾಡಿನಲ್ಲಿದೆ.

ಇದನ್ನು ನನಗೆ ಮೊದಲು ಹೇಳಿದವಳು ಮಗಳೇ. ಬಂದ ದಿನ ಸಂಜೆ ಚಳಿಯಲ್ಲಿ ನಡೆಯುತ್ತಾ ಅವಳು ತನ್ನ ಶಾಲೆಯ ಕಥೆ ತೆಗೆದಳು. ನಾನ್ಸಿಯ ಅರಣ್ಯ ಶಾಲೆ ಶುರುವಾದದ್ದು 1824ರಲ್ಲಿ. ಭಾರತದಲ್ಲಿ ಬ್ರಿಟಿಷ್ ಸರ್ಕಾರ ಅರಣ್ಯ ಇಲಾಖೆ ಸ್ಥಾಪಿಸಿದಾಗ ಇಂಗ್ಲೆಂಡಿನಲ್ಲಿ ಅರಣ್ಯವಿದ್ಯೆ ಕಲಿಸುವ ಒಂದು ಶಾಲೆಯೂ ಇರಲಿಲ್ಲವಂತೆ. ಹಾಗಾಗಿ 1860ರ ದಶಕದ ಕೊನೆಯಿಂದ ಹೆಚ್ಚುಕಡಿಮೆ ಎರಡು ದಶಕ ಕಾಲ, ಭಾರತಕ್ಕೆ ಬರುವ ಎಳೆಯ ಅಧಿಕಾರಿಗಳು ಮೊದಲು ಈ ಊರಿಗೆ ಬಂದು ಪಾಠ ಕಲಿತು ಆಮೇಲೆ ಹಡಗು ಹತ್ತುತ್ತಿದ್ದರು.

'ಆಗುಂಬೆಯಲ್ಲಿ ಇಲ್ಲದ್ದು ಇಲ್ಲೇನಿದೆ ಅಂತ ಕೇಳಿದ್ದೆಯಲ್ಲಪ್ಪ. ನಮ್ಮ ದೇಶದ ಕಾಡು ಕಾಯೋರು ಇಲ್ಲಿ ಕಲಿತು ಬರ್ತಿದ್ರು' ಎಂದಳು.

ನಾನು ಮಫ್ಲರ್ ಸರಿಮಾಡಿಕೊಂಡೆ.

ಇನ್ನು ಕಾಡಿಗೂ ಗಾಜಿಗೂ ಏನು ನಂಟು? ಹಳೆಯ ಕಾಲದಲ್ಲಿ ಗಾಜು ಮಾಡಲು ಮುಖ್ಯವಾಗಿ ಬೇಕಿದ್ದದ್ದು ಮೂರು: ಮರಳು, ಬೂದಿ, ಬೆಂಕಿ. ಮರಳು ನೆಲದಲ್ಲಿತ್ತು. ಬೂದಿ ಮತ್ತು ಬೆಂಕಿ ಎರಡೂ ಮರದಿಂದಲೇ ಬರಬೇಕು. ನಾನ್ಸಿಯ ಪೂರ್ವಕ್ಕೆ ವೋಜ್ ಬೆಟ್ಟಸಾಲಿನ ದಟ್ಟ ಕಾಡು. ಗಾಜಿನ ಕುಲುಮೆಗಳು ಆ ಕಾಡಿನ ಅಂಚಿನಲ್ಲಿ ಹುಟ್ಟಿ, ಕಾಡನ್ನೇ ತಿಂದು ಬೆಳೆದವು. ನಮ್ಮ ಮಹಾರಾಜರ ಅರಮನೆಗಳವರೆಗೂ ದೀಪದ ಗೊಂಚಲು ಕಳಿಸಿದ ಬಾಕಾರಾ ಕಾರ್ಖಾನೆ 1764ರಲ್ಲಿ ಶುರುವಾದದ್ದು ಇದೇ ಸೀಮೆಯಲ್ಲಿ. ಸಣ್ಣಪುಟ್ಟ ಕುಲುಮೆಗಳಿಗಂತೂ ಲೆಕ್ಕವಿಲ್ಲ.

ಭಾನುವಾರ ಬಂತು. ಮಗಳಿಗೆ ಬರೆದು ಮುಗಿಸುವ ಕೆಲಸವಿತ್ತು. 'ನೀನು ಸುತ್ತಾಡಿ ಬಾ' ಎಂದು ಕಳಿಸಿದಳು. ಊರಿನ ಒಂದು ಬೀದಿಯಲ್ಲಿ ಹಳೆಯ ಸಾಮಾನಿನ ಸಂತೆ ಸೇರಿತ್ತು. ಚಮಚ, ಗಡಿಯಾರ, ಹರಿದ ಪುಸ್ತಕ, ಕೈ ಮುರಿದ ಗೊಂಬೆ. ಇವುಗಳ ನಡುವೆ ಒಂದು ಹೂದಾನಿ. ಒಂದು ಗೇಣಿಗಿಂತ ಸ್ವಲ್ಪ ಎತ್ತರ. ಜೇನಿನ ಬಣ್ಣದ ಮೈ, ಮೇಲೆ ಉಬ್ಬಿನಿಂತ ನೇರಳೆ ಹೂ, ಕಂದು ಎಲೆ. ಬಿಸಿಲಿಗೆ ಹಿಡಿದರೆ ಒಳಗೆ ದೀಪ ಹಚ್ಚಿಟ್ಟ ಹಾಗೆ. ಬುಡದ ಹತ್ತಿರ ಉಬ್ಬಕ್ಷರದಲ್ಲಿ 'ಗ್ಯಾಲೆ' ಎಂಬ ಹೆಸರು.

ಆ ಹೆಸರು ನನಗೆ ಗೊತ್ತಿತ್ತು. ರೈಲಿನಲ್ಲಿ ಓದಿದ ಪ್ರವಾಸಿ ಪುಸ್ತಿಕೆಯಲ್ಲಿ ಎಮಿಲ್ ಗ್ಯಾಲೆ ಎಂಬ ನಾನ್ಸಿಯ ಕಲಾವಿದನ ಬಗ್ಗೆ ಅರ್ಧ ಪುಟ ಇತ್ತು. ಅವನ ಹೂದಾನಿಗಳಿಗಾಗಿ ಹಳೆಯ ವಸ್ತು ಕೂಡಿಡುವವರು ಸಾವಿರಾರು ಯೂರೋ ಸುರಿಯುತ್ತಾರೆ ಎಂಬ ಸಾಲು ಮಾತ್ರ ನನ್ನ ತಲೆಯಲ್ಲಿ ಚೆನ್ನಾಗಿ ಕೂತಿತ್ತು. ಮಾರುವವನು ಇನ್ನೂರ ಇಪ್ಪತ್ತು ಎಂದ. ಶಿವಮೊಗ್ಗದ ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡಿದ ಅನುಭವವನ್ನೆಲ್ಲ ಬೆರಳು ಸನ್ನೆಯಲ್ಲೇ ಉಪಯೋಗಿಸಿ ನೂರ ಎಂಬತ್ತಕ್ಕೆ ಇಳಿಸಿದೆ. ಜೇಬಿನಲ್ಲಿದ್ದದ್ದು ಆ ಲಕೋಟೆ ಒಂದೇ. ಒಂದು ಕ್ಷಣ ಕೈ ತಡೆಯಿತು. ಆದರೆ ಲೆಕ್ಕದ ಮೇಷ್ಟ್ರ ಬುದ್ಧಿ ನೋಡಿ: ಇದನ್ನು ಮಾರಿದರೆ ಒಂದಲ್ಲ, ಹತ್ತು ಕೋಟು ಬರುತ್ತದಲ್ಲ! ಕೊಂಡೇಬಿಟ್ಟೆ. ಮಗಳಿಗೆ ಹೇಳಲಿಲ್ಲ. ಸ್ವೆಟರಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟೆ.

ನಾನ್ಸಿ ಶೈಲಿಯ ವಸ್ತುಸಂಗ್ರಹಾಲಯಕ್ಕೆ ಹೋಗೋಣ ಎಂದು ಆಮೇಲೆ ನಾನೇ ಒತ್ತಾಯ ಮಾಡಿದಾಗ ಮಗಳಿಗೆ ಆಶ್ಚರ್ಯ. ಅಪ್ಪನಿಗೆ ಯಾವಾಗ ಕಲೆಯ ಹುಚ್ಚು ಹಿಡಿಯಿತು ಎಂದುಕೊಂಡಿರಬೇಕು. ನನಗೆ ಬೇಕಿದ್ದದ್ದು ಕಲೆಯಲ್ಲ. ನನ್ನ ಪೆಟ್ಟಿಗೆಯಲ್ಲಿದ್ದ ಸರಕಿನ ಅಂದಾಜು.

ಊರ ನಡುವಿನಿಂದ ಸ್ವಲ್ಪ ಆಚೆಗೆ, ಸಾರ್ಜೆಂಟ್ ಬ್ಲಾಂದಾನ್ ಬೀದಿಯಲ್ಲಿ ಈ ವಸ್ತುಸಂಗ್ರಹಾಲಯ ಇದೆ. ಮೂಲತಃ ಇದು ಯುಜೀನ್ ಕೊರ್ಬಾ ಎಂಬ ಶ್ರೀಮಂತ ವ್ಯಾಪಾರಿಯ ಮನೆ. ತನ್ನೂರಿನ ಕುಶಲಿಗಳ ಕೆಲಸವನ್ನು ಅವರು ಬದುಕಿದ್ದಾಗಲೇ ಕೊಂಡು ಕೂಡಿಟ್ಟ ಪುಣ್ಯಾತ್ಮ. 1935ರಲ್ಲಿ ಆ ಸಂಗ್ರಹವನ್ನು ನಗರಕ್ಕೆ ದಾನ ಕೊಟ್ಟ. 1964ರಿಂದ ಅದು ಆ ಮನೆಯಲ್ಲೇ ಜನರಿಗೆ ತೆರೆದಿದೆ. ಗಾಜಿನ ಪೆಟ್ಟಿಗೆಗಳ ಸಾಲು, ಪಕ್ಕದಲ್ಲಿ ಕಾವಲುಗಾರ ಎಂದೆಣಿಸಿ ಒಳಹೋದ ನನಗೆ ಯಾರದೋ ಮನೆಗೆ ಊಟಕ್ಕೆ ಬಂದ ಹಾಗಾಯಿತು. ಮೇಜು, ಕುರ್ಚಿ, ದೀಪ, ಪಿಯಾನೋ, ಮಂಚ, ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ. ಮತ್ತು ಎಲ್ಲವೂ ಗಿಡ! ಕುರ್ಚಿಯ ಕಾಲು ಕಾಂಡವಾಗಿದೆ, ಬಾಗಿಲ ಚೌಕಟ್ಟು ಬಳ್ಳಿಯಾಗಿದೆ. ನೇರ ಗೆರೆ ಹುಡುಕಿದರೆ ಸಿಗುವುದು ಕಷ್ಟ.

ಮಗಳ ಮುಖ ನೋಡಬೇಕಿತ್ತು. ನನ್ನನ್ನು ಮರೆತು ಒಂದೊಂದರ ಮುಂದೆಯೂ ನಿಂತು ಗಿಡದ ಹೆಸರು ಹೇಳುತ್ತಾ ಹೋದಳು. 'ಇದು ಕೊತ್ತಂಬರಿ ಜಾತಿಯದು ಅಪ್ಪ, ಹೂವಿನ ಕೊಡೆ ನೋಡು. ಇದು ಮುಳ್ಳುಗಿಡ, ಈ ಊರಿನ ಲಾಂಛನ. ಇದು ಆರ್ಕಿಡ್, ನಮ್ಮ ಸೀತಾಳೆ ದಂಡೆಯ ಬಳಗ.' ಹೂದಾನಿಯ ಮುಂದೆ ನಿಂತು ಬೆಲೆ ಎಷ್ಟಿರಬಹುದು ಎಂದು ನಾನು ಯೋಚಿಸುತ್ತಿದ್ದರೆ, ಅವಳು ಎಲೆ ಕಾಂಡಕ್ಕೆ ಎಲ್ಲಿ ಸೇರುತ್ತದೆ ಎಂದು ಬಗ್ಗಿ ನೋಡುತ್ತಿದ್ದಳು.

ಅಲ್ಲೊಂದು ದೀಪವಿದೆ. ಸುಮಾರು 1902ರದು. ಮೂರು ಅಣಬೆಗಳು, ಒಂದು ಈಗಷ್ಟೇ ನೆಲ ಬಿಟ್ಟೆದ್ದದ್ದು, ಇನ್ನೊಂದು ಬೆಳೆಯುತ್ತಿರುವುದು, ಮೂರನೆಯದು ಪೂರ್ತಿ ಕೊಡೆ ಬಿಚ್ಚಿದ್ದು. ಮಳೆಗಾಲದ ಬೆಳಿಗ್ಗೆ ನಮ್ಮ ತೋಟದ ಅಂಚಿನಲ್ಲಿ ಏಳುವಂಥ ಅಣಬೆಗಳನ್ನು ಮೊಣಕಾಲು ಮೀರುವ ಎತ್ತರಕ್ಕೆ ಹಿಗ್ಗಿಸಿ ಗಾಜಿನಲ್ಲಿ ಹಿಡಿದಿಟ್ಟ ಹಾಗೆ. ಇನ್ನೊಂದು ಕೋಣೆಯಲ್ಲಿ ಗ್ಯಾಲೆ ತನ್ನ ಕೊನೆಯ ವರ್ಷ, 1904ರಲ್ಲಿ, ಮಾಡಿಸಿದ ಮಂಚ. ಕಾಲ ಕಡೆಯ ಹಲಗೆಯಲ್ಲಿ ರೆಕ್ಕೆ ಬಿಚ್ಚಿದ ದೊಡ್ಡ ಪತಂಗ. ಮರದಲ್ಲಿ ಗಾಜು ಮತ್ತು ಕಪ್ಪೆಚಿಪ್ಪಿನ ಹೊಳಪು ಕೂರಿಸಿ ಮಾಡಿದ್ದು. ಉದಯ ಮತ್ತು ಮುಸ್ಸಂಜೆ ಎಂದು ಅದಕ್ಕೆ ಹೆಸರು. ಅದರಲ್ಲಿ ಯಾರಿಗಾದರೂ ನಿದ್ದೆ ಬಂದೀತೇ ಎಂಬುದು ನನ್ನ ಅನುಮಾನ.

ಈ ಗ್ಯಾಲೆ ಯಾರು? 1846ರಲ್ಲಿ ಇದೇ ನಾನ್ಸಿಯಲ್ಲಿ ಹುಟ್ಟಿದವನು. ಅಪ್ಪನದು ಪಿಂಗಾಣಿ ಮತ್ತು ಗಾಜಿನ ಸಾಮಾನಿನ ವ್ಯಾಪಾರ. ಹುಡುಗನಿಗೆ ಮಾತ್ರ ಗಿಡಗಳ ಹುಚ್ಚು. ಲಾರೇನಿನ ಸಸ್ಯಗಳ ಬಗ್ಗೆ ಗ್ರಂಥ ಬರೆದ ಗೊದ್ರೋನ್ ಎಂಬ ವಿದ್ವಾಂಸರಿಂದ ಸಸ್ಯಶಾಸ್ತ್ರ ಕಲಿತ. ಅಪ್ಪ ಅವನನ್ನು ಜರ್ಮನಿಯ ವೈಮಾರಿಗೆ ಓದಲು ಕಳಿಸಿದ. ಆಮೇಲೆ ಮೈಸೆಂಟಾಲ್ ಎಂಬ ಹಳ್ಳಿಯ ಗಾಜಿನ ಕುಲುಮೆಯಲ್ಲಿ ಕೆಲಸ ಕಲಿಯಲು ಬಿಟ್ಟ. ಮೂವತ್ತೊಂದನೆಯ ವಯಸ್ಸಿಗೆ, 1877ರಲ್ಲಿ, ಅಪ್ಪನ ವ್ಯಾಪಾರದ ಹೊಣೆ ಹೊತ್ತ. ತಮಾಷೆಯೆಂದರೆ ಅದೇ ವರ್ಷ ಶುರುವಾದ ನಾನ್ಸಿಯ ತೋಟಗಾರಿಕೆ ಸಂಘದ ಸ್ಥಾಪಕರಲ್ಲಿಯೂ ಅವನ ಹೆಸರಿದೆ. ಅಂಗಡಿಯನ್ನೂ ಬಿಡಲಿಲ್ಲ, ಗಿಡವನ್ನೂ ಬಿಡಲಿಲ್ಲ. 1889ರ ಪ್ಯಾರಿಸ್ ಮಹಾ ಪ್ರದರ್ಶನದಲ್ಲಿ ಅವನ ಗಾಜಿಗೆ ಅತ್ಯುಚ್ಚ ಬಹುಮಾನ ಬಂತು. 1900ರಲ್ಲಿ ಮತ್ತೊಮ್ಮೆ. ಆ ವರ್ಷ ಪ್ಯಾರಿಸ್ಸಿನಲ್ಲೇ ನಡೆದ ಸಸ್ಯವಿಜ್ಞಾನಿಗಳ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಲಾರೇನಿನ ಆರ್ಕಿಡ್‌ಗಳ ಬಗ್ಗೆ ಅವನ ಪ್ರಬಂಧವೂ ಇತ್ತು. ಸಸ್ಯವಿಜ್ಞಾನಿಗಳ ನಡುವೆ ಕೂತು ಹೂವಿನ ಆಕಾರ ಹೇಗೆ ಬದಲಾಗುತ್ತದೆ ಎಂದು ಚರ್ಚಿಸುವ ಗಾಜಿನ ವ್ಯಾಪಾರಿ!

ಅವನ ಕಾರ್ಯಾಗಾರದ ಮರದ ಬಾಗಿಲನ್ನು 1897ರಲ್ಲಿ ಯುಜೀನ್ ವಲ್ಲಾ ಎಂಬ ಬಡಗಿ ಕೆತ್ತಿದ. ತನ್ನ ಬೇರು ಇರುವುದು ಕಾಡಿನ ಆಳದಲ್ಲಿ ಎಂಬ ಅರ್ಥದ ಮಾತು ಅದರ ಮೇಲಿದೆ. ವಸ್ತುಸಂಗ್ರಹಾಲಯದ ಆವರಣದಲ್ಲಿ ಮಗಳು ಅದನ್ನು ನನಗೆ ಓದಿ ಹೇಳಿದಳು. ಹೇಳಿ ನನ್ನ ಮುಖ ನೋಡಲಿಲ್ಲ, ನೋಡದಿದ್ದದ್ದೇ ಒಳ್ಳೆಯದಾಯಿತು.

ಗ್ಯಾಲೆಯ ಬಳಗದಲ್ಲಿ ಒಬ್ಬ ಪರದೇಶಿ ವಿದ್ಯಾರ್ಥಿಯ ಕಥೆಯೂ ಬರುತ್ತದೆ. ತಕಾಶಿಮಾ ಹೊಕ್ಕಾಯ್ ಎಂಬ ಜಪಾನಿ ಸರ್ಕಾರಿ ನೌಕರ 1885ರಿಂದ 1888ರವರೆಗೆ ಮಗಳು ಓದುವ ಅರಣ್ಯ ಶಾಲೆಯಲ್ಲೇ ಓದಿದ. ಪಾಠದ ನಡುವೆ ಬಿಡುವಾದಾಗ ಕುಂಚ ಹಿಡಿದು ಗಿಡಮರ ಬರೆಯುತ್ತಿದ್ದ. ಆ ಚಿತ್ರಗಳನ್ನು ನಾನ್ಸಿಯ ಸ್ನೇಹಿತರಿಗೆ ಹಂಚಿದ. ಜಪಾನಿನ ಕಲೆಯ ಒಲವು ಗ್ಯಾಲೆಗೆ ಅದಕ್ಕೂ ಮೊದಲೇ ಇತ್ತು. ಆದರೆ ಆ ಕಣ್ಣಿನಿಂದ ಲಾರೇನಿನ ಗಿಡವನ್ನೇ ನೋಡುವವನೊಬ್ಬ ಊರಲ್ಲೇ ಇದ್ದದ್ದು ದೊಡ್ಡ ಮಾತು. ತಕಾಶಿಮಾ ಊರಿಗೆ ಮರಳಿ ಹೆಸರಾಂತ ಚಿತ್ರಕಾರನಾದ. ಇಂದು ಗ್ಯಾಲೆಯ ಗಾಜಿನ ದೊಡ್ಡ ಸಂಗ್ರಹಗಳಲ್ಲಿ ಕೆಲವು ಜಪಾನಿನಲ್ಲಿವೆ. 'ನಮ್ಮ ಶಾಲೆಯ ಹಳೇ ವಿದ್ಯಾರ್ಥಿ' ಎಂದು ಮಗಳು ಅವನ ಬಗ್ಗೆ ಹೇಳಿದ್ದು, ನಮ್ಮೂರಿನ ಯಾರೋ ಐ.ಎ.ಎಸ್. ಪಾಸಾದಾಗ ನಾವು ಹೇಳುವ ಧಾಟಿಯಲ್ಲಿ.

ಈ ಹೂದಾನಿಗಳನ್ನು ಮಾಡುವುದು ಹೇಗೆ ಎಂದು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಅದು ಗೊತ್ತಿಲ್ಲದೆ ಹೂದಾನಿ ನೋಡಿದರೆ ಬರೀ ಬಣ್ಣ ಕಾಣುತ್ತದೆ. ನಾನು ಮೊದಲು ಅದನ್ನು ಚಿತ್ರ ಬರೆದ ಗಾಜು ಎಂದುಕೊಂಡಿದ್ದೆ. ಅಲ್ಲ. ಈರುಳ್ಳಿಯನ್ನು ನೆನಪಿಸಿಕೊಳ್ಳಿ. ಊದುಗೊಳವೆಯ ತುದಿಯಲ್ಲಿ ಕರಗಿದ ಗಾಜಿನ ಉಂಡೆ; ಅದರ ಮೇಲೆ ಬೇರೆ ಬಣ್ಣದ ಗಾಜಿನ ಒಂದು ಪದರ, ಅದರ ಮೇಲೆ ಮತ್ತೊಂದು. ಒಳಗೆ ಹಳದಿ, ಮೇಲೆ ನೇರಳೆ, ಅದರ ಮೇಲೆ ಕಂದು. ಊದಿ ಆಕಾರ ಕೊಟ್ಟು ನಿಧಾನವಾಗಿ ಆರಿಸಿದರೆ ಹೊರಗಿನಿಂದ ಕಾಣುವುದು ಕಂದು ಬಣ್ಣದ ಒಂದು ಪಾತ್ರೆ ಮಾತ್ರ. ಹೂವು ಒಳಗಿದೆ. ಅದನ್ನು ಹೊರಗೆ ತರುವುದು ಸೇರಿಸುವುದರಿಂದಲ್ಲ, ತೆಗೆಯುವುದರಿಂದ.

ಉಳಿಯಬೇಕಾದ ಜಾಗಕ್ಕೆ ಆಮ್ಲ ತಾಗದಂಥ ಮೇಣ ಅಥವಾ ಡಾಂಬರಿನ ಲೇಪ ಬಳಿಯುತ್ತಾರೆ. ಆಮೇಲೆ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಅದ್ದುತ್ತಾರೆ. ವಿಜ್ಞಾನ ಓದುವ ಮಕ್ಕಳಿಗೆ ಗೊತ್ತಿರುತ್ತದೆ, ಗಾಜನ್ನು ತಿನ್ನುವ ಆಮ್ಲ ಅದು. ಮೈಗೆ ತಾಗಿದರೆ ಮೂಳೆಯವರೆಗೂ ಹೋಗುವಷ್ಟು ಅಪಾಯಕಾರಿ. ಲೇಪವಿಲ್ಲದ ಕಡೆ ಕಂದು ಪದರ ಕರಗಿ ಕೆಳಗಿನ ನೇರಳೆ ಕಾಣುತ್ತದೆ. ಮತ್ತೆ ಲೇಪ, ಮತ್ತೆ ಆಮ್ಲ, ಹಳದಿ ಕಾಣುತ್ತದೆ. ಒಂದು ಪದರವನ್ನು ಪೂರ್ತಿ ತೆಗೆಯದೆ ತೆಳುಮಾಡಿದರೆ ಬಣ್ಣ ತಿಳಿಯಾಗುತ್ತದೆ. ಹೂವಿನ ಎಸಳು ಅಂಚಿನಲ್ಲಿ ದಟ್ಟವಾಗಿ ನಡುವೆ ಮಸುಕಾಗುವುದು ಹೀಗೆ. ಶ್ರೇಷ್ಠ ಕೆಲಸಗಳಲ್ಲಿ ಕೊನೆಗೆ ತಿರುಗುವ ಸಣ್ಣ ಚಕ್ರದಿಂದ ಎಲೆಯ ನರ, ಕೀಟದ ರೆಕ್ಕೆ ಕೊರೆಯುತ್ತಾರೆ.

ಬಣ್ಣಗಳೂ ಅಷ್ಟೇ, ಲೋಹಗಳ ಆಟ. ಕೋಬಾಲ್ಟ್ ಬೆರೆತರೆ ನೀಲಿ, ಮ್ಯಾಂಗನೀಸ್ ಬೆರೆತರೆ ನೇರಳೆ. ಮಾಣಿಕ್ಯದ ಕೆಂಪು ಬೇಕಾದರೆ ಚಿನ್ನವನ್ನೇ ಕರಗಿಸಿ ಹಾಕಬೇಕು, ಅದೂ ಅತಿ ಕಡಿಮೆ ಪ್ರಮಾಣದಲ್ಲಿ. ಇದರ ಜೊತೆಗೆ ಒಂದು ತೊಡಕು: ಬಿಸಿಯಾದದ್ದು ಆರುವಾಗ ಕುಗ್ಗುತ್ತದೆ. ಮೂರು ಪದರಗಳೂ ಒಂದೇ ಪ್ರಮಾಣದಲ್ಲಿ ಕುಗ್ಗದಿದ್ದರೆ ಹೂದಾನಿ ಬಿರುಕು ಬಿಟ್ಟು ಹೋಗುತ್ತದೆ. ಗ್ಯಾಲೆ 1898ರಲ್ಲಿ ಹಕ್ಕುಪತ್ರ ಪಡೆದ ಇನ್ನೊಂದು ವಿಧಾನವಂತೂ ಇನ್ನೂ ಕಠಿಣ. ಮೈಸೂರಿನವರು ಬೀಟೆಮರದಲ್ಲಿ ಬೇರೆ ಮರದ ಚೂರು ಕೂರಿಸಿ ಆನೆ, ಹೂ ಬಿಡಿಸುವುದನ್ನು ನೀವು ನೋಡಿದ್ದೀರಿ. ಅದನ್ನೇ ಇವನು ಗಾಜಿನಲ್ಲಿ ಮಾಡಿದ: ಮೆತ್ತಗಿರುವ ಬಿಸಿ ಗಾಜಿನ ಮೈಯಲ್ಲಿ ಬೇರೆ ಬಣ್ಣದ ಬಿಸಿ ಗಾಜಿನ ಚೂರುಗಳನ್ನು ಒತ್ತಿ ಕೂರಿಸುವುದು. ಒಂದೊಂದು ಚೂರಿಗೂ ಪಾತ್ರೆ ಮತ್ತೆ ಬೆಂಕಿಗೆ. ಒಡೆದದ್ದು ಎಷ್ಟೋ, ಉಳಿದದ್ದು ಕೆಲವೇ.

ಇಷ್ಟನ್ನೂ ಗ್ಯಾಲೆ ತಾನೇ ಕೈಯಾರೆ ಮಾಡುತ್ತಿದ್ದನೆಂದು ತಿಳಿಯಬೇಡಿ. ನೂರಾರು ಕೆಲಸಗಾರರಿದ್ದ ಕಾರ್ಖಾನೆ ಅದು. ಊದುವವರು ಬೇರೆ, ಲೇಪ ಬರೆಯುವವರು ಬೇರೆ, ಕೊರೆಯುವವರು ಬೇರೆ. ಇವನು ಗಿಡ ತಂದು ತೋರಿಸುತ್ತಿದ್ದ, ನಕ್ಷೆ ಕೊಡುತ್ತಿದ್ದ, ಒಪ್ಪುತ್ತಿದ್ದ, ತಳ್ಳಿಹಾಕುತ್ತಿದ್ದ. ಒಂದೇ ಒಂದಾಗಿ ಮಾಡಿದ ಅಪೂರ್ವ ಹೂದಾನಿಗಳೂ ಅಲ್ಲಿಂದ ಬಂದವು. ಮಧ್ಯಮ ವರ್ಗದವರಿಗೆಂದು ಒಂದೇ ನಮೂನೆಯಲ್ಲಿ ಹಲವಾರು ಮಾಡಿದವೂ ಬಂದವು. ಎರಡರ ಮೇಲೂ ಅದೇ ಹೆಸರು.

ಅವನ ಇನ್ನೊಂದು ಮುಖವನ್ನು ಹೇಳದೆ ಮುಂದೆ ಹೋಗಲಾರೆ. 1894ರಲ್ಲಿ ಡ್ರೈಫಸ್ ಎಂಬ ಯಹೂದಿ ಸೇನಾಧಿಕಾರಿಗೆ ಸುಳ್ಳು ಆರೋಪದ ಮೇಲೆ ದೇಶದ್ರೋಹದ ಶಿಕ್ಷೆಯಾಯಿತು. ಇಡೀ ಫ್ರಾನ್ಸ್ ಎರಡು ಹೋಳಾಯಿತು. ಗಡಿಯೂರಾದ ನಾನ್ಸಿಯಲ್ಲಿ ಸೈನ್ಯದ ವಿರುದ್ಧ ಮಾತಾಡುವುದು ವ್ಯಾಪಾರಿಗೆ ಆಗಿಬರುವ ಕೆಲಸವಲ್ಲ. ಗ್ಯಾಲೆ ಡ್ರೈಫಸ್ ಪರ ನಿಂತ. ಊರಿನ ಅನೇಕರಿಗೆ ಬೇಡವಾದ. 1900ರ ಪ್ರದರ್ಶನಕ್ಕೆ ಗೆಳೆಯ ವಿಕ್ಟರ್ ಪ್ರೂವೆಯ ಜೊತೆ ಸೇರಿ 'ಕಪ್ಪು ಮನುಷ್ಯರು' ಎಂಬ ಹೂದಾನಿಯನ್ನೇ ಮಾಡಿದ. ಸುಳ್ಳು ಮತ್ತು ದ್ವೇಷ ನೆಲದೊಳಗಿನಿಂದ ಮೇಲೇಳುವ ಕರಿಯ ಆಕೃತಿಗಳಾಗಿ ಅದರ ಮೈತುಂಬ ಇವೆ. ಹೂ ಇಡುವ ಪಾತ್ರೆಯಲ್ಲಿ ಇಷ್ಟು ಕೋಪ ತುಂಬಬಹುದೆಂದು ನನಗೆ ಗೊತ್ತಿರಲಿಲ್ಲ. ಡ್ರೈಫಸ್ ನಿರಪರಾಧಿ ಎಂದು ನ್ಯಾಯಾಲಯ ಸಾರಿದ್ದು 1906ರಲ್ಲಿ. ಗ್ಯಾಲೆ 1904ರ ಸೆಪ್ಟೆಂಬರಿನಲ್ಲೇ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಿದ್ದ.

ಮಧ್ಯಾಹ್ನ ಸ್ತಾನಿಸ್ಲಾಸ್ ಚೌಕದ ಲಲಿತಕಲಾ ವಸ್ತುಸಂಗ್ರಹಾಲಯಕ್ಕೆ ಹೋದೆವು. ಅದರ ನೆಲಮಾಳಿಗೆಯಲ್ಲಿ, ಹಳೆಯ ಕೋಟೆಗೋಡೆಯ ಅವಶೇಷಗಳ ನಡುವೆ, ದೋಮ್ ಮನೆತನದ ಗಾಜಿನ ನೂರಾರು ಪಾತ್ರೆಗಳಿವೆ. ಕತ್ತಲಿನಲ್ಲಿ ಒಂದೊಂದಕ್ಕೂ ಒಂದು ದೀಪ. ಈ ದೋಮ್ ಕಥೆ ತಂದೆತಾಯಿಯರು ಕೇಳಬೇಕಾದದ್ದು. 1871ರಲ್ಲಿ ಫ್ರಾನ್ಸ್ ಯುದ್ಧದಲ್ಲಿ ಸೋತು ಅಲ್ಸಾಸ್ ಪ್ರಾಂತ್ಯ ಮತ್ತು ಲಾರೇನಿನ ಒಂದು ಭಾಗ ಜರ್ಮನಿಗೆ ಸೇರಿತು. ಆ ಭಾಗದಿಂದ ಮನೆಮಠ ಬಿಟ್ಟು ನಾನ್ಸಿಗೆ ಬಂದ ಸಾವಿರಾರು ಜನರಲ್ಲಿ ಜಾನ್ ದೋಮ್ ಎಂಬ ವಕೀಲಿ ಪತ್ರ ಬರೆಯುವವನೂ ಒಬ್ಬ. ಅವನು ಒಂದು ಗಾಜಿನ ಕಾರ್ಖಾನೆಗೆ ಸಾಲ ಕೊಟ್ಟ. ಸಾಲ ಮರಳಲಿಲ್ಲ. 1878ರಲ್ಲಿ ಕಾರ್ಖಾನೆಯೇ ಅವನ ಕೊರಳಿಗೆ ಬಿತ್ತು. ಕುಡಿಯುವ ಲೋಟ, ಗಡಿಯಾರದ ಗಾಜು ಮಾಡುತ್ತಿದ್ದ, ನಷ್ಟದಲ್ಲಿದ್ದ ಕಾರ್ಖಾನೆ. ಕಾನೂನು ಓದಿದ ದೊಡ್ಡ ಮಗ ಓಗುಸ್ತ್, ಎಂಜಿನಿಯರಿಂಗ್ ಓದಿದ ಅಂತೋನ್ಯಾನ್, ಇಬ್ಬರೂ ತಮ್ಮ ಓದನ್ನು ಬದಿಗಿಟ್ಟು ಬಂದು ಅದನ್ನು ಎತ್ತಿ ನಿಲ್ಲಿಸಿದರು. ಊರಿನಲ್ಲೇ ಗ್ಯಾಲೆಯ ಯಶಸ್ಸು ಕಣ್ಣೆದುರಿಗಿತ್ತು. 1890ರ ದಶಕದಲ್ಲಿ ಅವರೂ ಕಲೆಯ ಗಾಜಿಗೆ ಕೈಹಾಕಿದರು. ತಮ್ಮ ಹೆಸರಿನ ಜೊತೆಗೆ ಲಾರೇನಿನ ಎರಡು ಅಡ್ಡಪಟ್ಟಿಯ ಶಿಲುಬೆಯ ಗುರುತು ಹಾಕಿದರು. ಕಳೆದುಹೋದ ನೆಲದ ನೆನಪು ಅದು. 1901ರಲ್ಲಿ ಊರಿನ ಕುಶಲಿಗಳೆಲ್ಲ ಸೇರಿ ಸಂಘ ಕಟ್ಟಿದಾಗ ಗ್ಯಾಲೆ ಅಧ್ಯಕ್ಷ, ಅಂತೋನ್ಯಾನ್ ಉಪಾಧ್ಯಕ್ಷರಲ್ಲಿ ಒಬ್ಬ.

ಮಳೆ ಸುರಿಯುವ ಕಾಡು, ಹಿಮದ ನಡುವಿನ ಬೋಳು ಮರಗಳು. ದೋಮ್ ಗಾಜಿನಲ್ಲಿ ಹವಾಮಾನವೇ ಇದೆ. ನನಗೆ ಗ್ಯಾಲೆಗಿಂತ ಇವೇ ಹಿಡಿಸಿದವು ಎಂದರೆ ತಿಳಿದವರು ನಗಬಹುದು, ನಗಲಿ.

ಅಂದು ರಾತ್ರಿ ಊಟವಾದ ಮೇಲೆ, ಇಷ್ಟೆಲ್ಲ ನೋಡಿದ ಹುರುಪಿನಲ್ಲಿ ಪೆಟ್ಟಿಗೆ ತೆರೆದು ನನ್ನ ಹೂದಾನಿಯನ್ನು ಮೇಜಿನ ಮೇಲಿಟ್ಟೆ. ಮಗಳು ದೀಪದ ಹತ್ತಿರ ತಂದು ತಿರುಗಿಸಿ ನೋಡಿದಳು. ತುಂಬ ಹೊತ್ತು ಮಾತಾಡಲಿಲ್ಲ.

'ಅಪ್ಪ, ಇದು ಯಾವ ಗಿಡ?'

'ನನಗೇನು ಗೊತ್ತು? ನೀನು ಹೇಳಬೇಕು.'

'ನನಗೂ ಗೊತ್ತಾಗ್ತಿಲ್ಲ. ಈ ಕಡೆ ಎಲೆ ಜೋಡಿಜೋಡಿಯಾಗಿ ಎದುರುಬದುರು ಹುಟ್ಟಿದೆ. ಅದೇ ಕೊಂಬೆ ಹಿಂದೆ ಹೋದರೆ ಒಂದು ಬಿಟ್ಟು ಒಂದು ಹುಟ್ಟಿದೆ. ಹೂ ಒಂದು ಗಿಡದ್ದು, ಎಲೆ ಇನ್ನೊಂದರದ್ದು. ಇಂಥ ಗಿಡ ಇಲ್ಲ ಅಪ್ಪ.'

ನನಗೆ ಅರ್ಥವಾಗಲಿಲ್ಲವೆಂದಲ್ಲ. ಅರ್ಥ ಮಾಡಿಕೊಳ್ಳುವ ಮನಸ್ಸಿರಲಿಲ್ಲ. ಕಲಾವಿದ ಕಲ್ಪನೆ ಮಾಡಬಾರದೇ ಎಂದು ವಾದಿಸಿದೆ. ಅವಳು 'ಮಾಡಬಹುದು' ಎಂದಳಷ್ಟೆ. ಆಮೇಲೆ ಮೆಲ್ಲಗೆ, 'ಎಷ್ಟು ಕೊಟ್ಟೆ?' ಎಂದಳು.

ಮರುದಿನ ಹಳೆಯ ಊರಿನ ಓಣಿಯಲ್ಲಿ ಪುರಾತನ ವಸ್ತುಗಳ ಒಂದು ಅಂಗಡಿಗೆ ಕರೆದುಕೊಂಡು ಹೋದಳು. ಅಂಗಡಿಯ ಅಜ್ಜಿ ಕನ್ನಡಕ ಏರಿಸಿ, ಮೊದಲು ಹೂದಾನಿಯನ್ನು ಬೋರಲು ಹಾಕಿ ಬುಡ ನೋಡಿದರು. ನೂರು ವರ್ಷ ಮೇಜುಗಳ ಮೇಲೆ ಜರುಗಿದ ಗಾಜಿನ ಬುಡದಲ್ಲಿ ಸಣ್ಣ ಗೀರುಗಳು ಅಡ್ಡಾದಿಡ್ಡಿಯಾಗಿ ಇರಬೇಕಂತೆ. ನನ್ನದರ ಬುಡ ಸ್ಲೇಟು ಒರೆಸಿದ ಹಾಗಿತ್ತು. ಆಮೇಲೆ ಹೆಸರಿನ ಪಕ್ಕದ ಜಾಗವನ್ನು ನನ್ನ ಬೆರಳಿನಿಂದಲೇ ಮುಟ್ಟಿಸಿದರು. ಅಲ್ಲಿ ಒಂದು ಅಕ್ಕಿಕಾಳಿನಷ್ಟು ಜಾಗ ಉಜ್ಜಿ ನಯಮಾಡಿದಂತೆ ತಗ್ಗಾಗಿತ್ತು.

ಅವರು ಹೇಳಿದ್ದನ್ನು ಮಗಳು ನನಗೆ ವಿವರಿಸಿದಳು. ಇತ್ತೀಚಿನ ದಶಕಗಳಲ್ಲಿ ರುಮೇನಿಯಾ ದೇಶದ ಗಾಜಿನ ಕೆಲಸಗಾರರು ಗ್ಯಾಲೆಯ ಮಾದರಿಯಲ್ಲಿ ಹೂದಾನಿ ಮಾಡಿ ಮಾರುತ್ತಾರೆ. ಗ್ಯಾಲೆಯ ಹೆಸರಿನ ಪಕ್ಕದಲ್ಲಿ 'ಟಿಪ್' ಎಂಬ ಮೂರಕ್ಷರದ ಪದ ಹಾಕುತ್ತಾರೆ. ಅವರ ಭಾಷೆಯಲ್ಲಿ ಹಾಗೆಂದರೆ 'ಮಾದರಿ'. ಅದರಲ್ಲಿ ಮೋಸವೇನಿಲ್ಲ, ಪದರದ ಗಾಜು, ಆಮ್ಲದ ಕೆಲಸ ಎಲ್ಲ ನಿಜವೇ. ನಡುವೆ ಬರುವ ಯಾರೋ ಆ ಮೂರಕ್ಷರವನ್ನು ಉಜ್ಜಿ ತೆಗೆದಾಗ ಅದು ನಕಲಿಯಾಗುತ್ತದೆ.

ಹಾಗೆಂದು ಹೆಸರು ಪೂರ್ತಿ ಸರಿಯಿದ್ದರೂ ಕಥೆ ಮುಗಿಯುವುದಿಲ್ಲವಂತೆ. ಗ್ಯಾಲೆ ಸತ್ತ ಮೇಲೆ ಹೆಂಡತಿ ಹೆನ್ರಿಯೆಟ್ ಕಾರ್ಖಾನೆ ನಡೆಸಿದಳು. ಆ ಮೊದಲ ವರ್ಷಗಳ ಗಾಜಿನ ಮೇಲೆ ಹೆಸರಿನ ಜೊತೆ ಒಂದು ಸಣ್ಣ ನಕ್ಷತ್ರವಿರುತ್ತದೆ. ಅವಳ ನಂತರವೂ ಕೆಲಸ ನಡೆದು, 1930ರ ದಶಕದಲ್ಲಿ ಕಾರ್ಖಾನೆ ಮುಚ್ಚಿತು. ಹಾಗಾಗಿ ಗ್ಯಾಲೆ ಕಣ್ಣಿನಿಂದಲೂ ನೋಡದ ಅಸಲಿ 'ಗ್ಯಾಲೆ' ಹೂದಾನಿಗಳು ಬೇಕಾದಷ್ಟಿವೆ. ಹೆಸರು ನೋಡಿ ಕೊಳ್ಳುವವರಿಗೂ ಕೆಲಸ ನೋಡಿ ಕೊಳ್ಳುವವರಿಗೂ ಇರುವ ವ್ಯತ್ಯಾಸವನ್ನು ಅಜ್ಜಿ ಬೆಲೆಯಲ್ಲೇ ಹೇಳಿದರು. ನನ್ನದಕ್ಕೆ ನಲವತ್ತು ಯೂರೋ ಕೊಡಬಹುದು ಎಂದರು, ಅದೂ ಬಣ್ಣ ಚೆನ್ನಾಗಿದೆ ಎಂಬ ಕಾರಣಕ್ಕೆ.

ಎಲೆಯ 'ಪರೀಕ್ಷೆ'ಯ ಬಗ್ಗೆಯೂ ಮಗಳು ಕೇಳಿದಳು. ಅಜ್ಜಿ ನಕ್ಕು ತಲೆಯಾಡಿಸಿದರು. ಅದನ್ನೇ ನಂಬಿ ಕೊಳ್ಳಬೇಡ, ಅಸಲಿ ಕಾರ್ಖಾನೆಯಲ್ಲೂ ಅವಸರದ ಕೆಲಸ ನಡೆದಿದೆ ಎಂದರು. ಆದರೆ ಗ್ಯಾಲೆ ಇದ್ದಾಗ ಅವನ ಮುಂದೆ ಅಂಥ ಎಲೆ ತಂದಿಟ್ಟವನ ಗತಿ ಏನಾಗುತ್ತಿತ್ತೋ ಎಂದೂ ಸೇರಿಸಿದರು. ನಂತರ ಅವರಿಬ್ಬರೂ ಮುರಿದ ಫ್ರೆಂಚಿನಲ್ಲಿ, ಮುರಿದ ಇಂಗ್ಲಿಷಿನಲ್ಲಿ ಯಾವುದೋ ಆರ್ಕಿಡ್ ಬಗ್ಗೆ ಅರ್ಧ ಗಂಟೆ ಮಾತಾಡಿದರು. ನಾನು ಸ್ಟೂಲಿನ ಮೇಲೆ ಕೂತು, ನೂರ ಎಂಬತ್ತರಿಂದ ನಲವತ್ತು ಕಳೆದರೆ ಎಷ್ಟು ಎಂಬ ಲೆಕ್ಕವನ್ನು ಮತ್ತೆ ಮತ್ತೆ ಮಾಡುತ್ತಿದ್ದೆ.

ಹೂದಾನಿಯನ್ನು ಮಾರಲಿಲ್ಲ. ಮಗಳು ಬೇಡವೆಂದಳು. ಈಗ ಅದು ಅವಳ ಕೋಣೆಯ ಕಿಟಕಿಯಲ್ಲಿದೆ. ಪೆನ್ನು, ಕತ್ತರಿ, ಎಲೆ ಅಳೆಯುವ ಪಟ್ಟಿ ಇಡಲು ಉಪಯೋಗವಾಗುತ್ತಿದೆಯಂತೆ. ಕೋಟನ್ನು ಅವಳು ತನ್ನ ವಿದ್ಯಾರ್ಥಿವೇತನದಲ್ಲೇ ಕೊಂಡಳು. ಆ ಕೋಟು ಹಾಕಿಕೊಂಡು ನಿಂತ ಫೋಟೋವನ್ನು ನಾನೇ ತೆಗೆದು ಮನೆಗೆ ಕಳಿಸಿದೆ. ಲಕೋಟೆಯ ದುಡ್ಡಿನಲ್ಲಿ ತುಂಬ ಒಳ್ಳೆಯ ಕೋಟು ಬಂದಿದೆ ಎಂದು ನನ್ನ ಹೆಂಡತಿ ನೆರೆಮನೆಯವರಿಗೆಲ್ಲ ತೋರಿಸಿದ್ದಾಳೆ. ಭಾನುವಾರದ ಪುರವಣಿಯನ್ನು ಅವಳು ತಪ್ಪದೆ ಓದುತ್ತಾಳೆ. ಈ ವಾರ ನಾನು ಬೆಳಿಗ್ಗೆ ಬೇಗನೆದ್ದು ತೋಟದ ಕಡೆ ಹೋಗಬೇಕೆಂದಿದ್ದೇನೆ.